ಸತ್ತ ಪ್ರಾಸೆಸ್ಸೇ ತಪ್ಪಿತಸ್ಥ ಆಗಬೇಕಿಲ್ಲ: ಲಿನಕ್ಸ್‌ನಲ್ಲಿ ಮೆಮೊರಿ ಖಾಲಿಯಾದಾಗ ದೋಷ ಹುಡುಕುವ ಬಗೆ

ಡೇಟಾಬೇಸ್ ರಾತ್ರಿ ಚೆನ್ನಾಗಿ ಓಡುತ್ತಿತ್ತು, ಬೆಳಿಗ್ಗೆ ನೋಡಿದರೆ ನಿಂತಿದೆ. ಅದರ ಲಾಗ್ ತೆರೆದರೆ ಒಂದು ಎರರ್ ಕೂಡ ಇಲ್ಲ. ಕೊನೆಯ ಸಾಲು ದಿನಾ ಬರುವ ಮಾಮೂಲಿ ಸಾಲು, ಅಷ್ಟೇ. ಹೀಗೆ ಒಂದು ಮಾತೂ ಆಡದೆ ಪ್ರಾಸೆಸ್ ಮಾಯವಾದರೆ ಮೊದಲು ಅನುಮಾನ ಪಡಬೇಕಾದ್ದು ಕರ್ನಲ್‌ನ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಮೇಲೆ, ಅಂದರೆ ಮೆಮೊರಿ ಮುಗಿದಾಗ ಪ್ರಾಸೆಸ್ ಕೊಂದು ಜಾಗ ಮಾಡುವ ಭಾಗದ ಮೇಲೆ. ಅದು ಕಳಿಸುವುದು 9ನೇ ಸಿಗ್ನಲ್, ಅಂದರೆ ಸಿಗ್‌ಕಿಲ್. ಇದನ್ನು ಯಾವ ಪ್ರೋಗ್ರಾಮೂ ತಡೆಯಲು ಆಗದು. ಸಾಯುವ ಮುಂಚೆ ಲಾಗ್‌ಗೆ ಒಂದು ಸಾಲು ಬರೆಯುವ ಅವಕಾಶವೂ ಸಿಗದು.

ಈ ಕೈಪಿಡಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ. ಕಮಾಂಡ್, ಫೈಲ್, ಲಾಗ್ ಸಾಲು ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ.

ಮೊದಲು ಖಚಿತ ಮಾಡಿಕೊಳ್ಳಿ

"ಮೆಮೊರಿ ಸಾಲಲಿಲ್ಲ" ಅನ್ನುವ ದೂರುಗಳೆಲ್ಲ ಕರ್ನಲ್‌ನಿಂದ ಬಂದವಲ್ಲ. ಜಾವಾ ಔಟ್‌ಆಫ್‌ಮೆಮೊರಿಎರರ್ ಎಂದು ಬರೆದು ಸತ್ತಿದ್ದರೆ ಅದು ಜೆವಿಎಂ (ಜಾವಾ ಓಡಿಸುವ ಎಂಜಿನ್) ತಾನೇ ಹಾಕಿಕೊಂಡ ಹೀಪ್ ಮಿತಿಯ ಸಮಸ್ಯೆ. ಹೀಪ್ ಅಂದರೆ ಪ್ರೋಗ್ರಾಮ್ ತನ್ನ ಡೇಟಾ ಇಡುವ ಮೆಮೊರಿ. ನೋಡ್ ಜೆಎಸ್ "ಜಾವಾಸ್ಕ್ರಿಪ್ಟ್ ಹೀಪ್ ಔಟ್ ಆಫ್ ಮೆಮೊರಿ" ಎಂದು ಕೂಗಿ 134 ಕೋಡ್‌ನಿಂದ ನಿಂತರೆ ಅದು ವಿ8 ಎಂಜಿನ್‌ನ ಮಿತಿ. ಇವುಗಳಲ್ಲಿ ಪ್ರೋಗ್ರಾಮ್ ತಾನೇ ದೂರು ಹೇಳಿ ಸಾಯುತ್ತದೆ. ಓಓಎಂ ಕಿಲ್ಲರ್ ಕೊಂದಾಗ ಪ್ರೋಗ್ರಾಮ್‌ನಿಂದ ಒಂದು ಮಾತೂ ಇರುವುದಿಲ್ಲ, ಹೇಳುವುದು ಕರ್ನಲ್ ಮಾತ್ರ.

ಕರ್ನಲ್ ಏನು ಹೇಳಿದೆ ಎಂದು ನೋಡಲು ಡಿಮೆಸ್ಗ್ ಕಮಾಂಡ್‌ಗೆ ದೊಡ್ಡಕ್ಷರದ -ಟಿ ಆಪ್ಷನ್ ಕೊಟ್ಟು ಓಡಿಸಿ, ಗಡಿಯಾರದ ಸಮಯ ಸಮೇತ ತೋರಿಸುತ್ತದೆ. ಮಷೀನ್ ರೀಬೂಟ್ ಆಗಿದ್ದರೆ ಡಿಮೆಸ್ಗ್‌ನಲ್ಲಿ ಹಳೆಯ ಸಾಲುಗಳು ಇರುವುದಿಲ್ಲ. ಆಗ ಜರ್ನಲ್‌ಸಿಟಿಎಲ್ -ಕೆ -ಬಿ -1 ಅಂದರೆ ಹಿಂದಿನ ಬೂಟ್‌ನ ಕರ್ನಲ್ ಲಾಗ್ ಸಿಗುತ್ತದೆ. ಆದರೆ ಜರ್ನಲ್ ಡಿಸ್ಕ್‌ಗೆ ಉಳಿಯುವಂತೆ ಸೆಟ್ ಆಗಿರಬೇಕು. ಹಾಗಿಲ್ಲದಿದ್ದರೆ ಇವತ್ತೇ ಮಾಡಿಕೊಳ್ಳಿ, ಮುಂದಿನ ಸಲಕ್ಕೆ ಬೇಕಾಗುತ್ತದೆ.

"ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರಾಸೆಸ್" ಎಂಬ ಸಾಲು ಸಿಕ್ಕರೆ ಅನುಮಾನ ಮುಗಿಯಿತು. ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿ ಕಡೆಯಿಂದಲೂ "ಫೇಲ್ಡ್ ವಿತ್ ರಿಸಲ್ಟ್ ಓಓಎಂ-ಕಿಲ್" ಎಂಬ ಸಾಕ್ಷಿ ಇರುತ್ತದೆ.

ಎಕ್ಸಿಟ್ ಕೋಡ್ 137 ನೋಡಿದ ಕೂಡಲೇ ಓಓಎಂ ಎಂದು ಬರೆದು ಟಿಕೆಟ್ ಮುಚ್ಚುವವರು ತುಂಬ ಜನ ಇದ್ದಾರೆ. 137 ಅಂದರೆ 128ಕ್ಕೆ 9 ಕೂಡಿಸಿದ್ದು, ಸಿಗ್‌ಕಿಲ್‌ನಿಂದ ಸತ್ತಿದೆ ಎಂದಷ್ಟೇ ಅರ್ಥ. ಡಾಕರ್ ಸ್ಟಾಪ್ ಕೊಟ್ಟು ಕಂಟೇನರ್ 10 ಸೆಕೆಂಡಿನಲ್ಲಿ ನಿಲ್ಲದಿದ್ದರೂ ಸಿಗ್‌ಕಿಲ್ಲೇ ಹೋಗುತ್ತದೆ, ಕೋಡ್ 137ಏ ಬರುತ್ತದೆ. ಕೊಂದದ್ದು ಯಾರು ಎಂದು ಆ ಸಂಖ್ಯೆ ಹೇಳುವುದಿಲ್ಲ.

ಇನ್ನೊಂದು ಗೊಂದಲ ಡೆಸ್ಕ್‌ಟಾಪ್‌ಗಳಲ್ಲಿ ಜಾಸ್ತಿ. ಬ್ರೌಸರ್ ದಿಢೀರ್ ಮಾಯ, ಡಿಮೆಸ್ಗ್‌ನಲ್ಲಿ ಏನೂ ಇಲ್ಲ. ಉಬುಂಟು 22.04 ಡೆಸ್ಕ್‌ಟಾಪ್ ಮತ್ತು ಫೆಡೋರಾ 34ರಿಂದ ಮುಂದಕ್ಕೆ ಸಿಸ್ಟಂಡಿ-ಓಓಎಂಡಿ ಎಂಬ ಬೇರೆಯದೇ ಕೊಲೆಗಾರ ಇದ್ದಾನೆ. ಅದು ಕರ್ನಲ್ ಒಳಗಿಲ್ಲ, ಯೂಸರ್‌ಸ್ಪೇಸ್‌ನಲ್ಲಿ ಓಡುತ್ತದೆ. ಮೆಮೊರಿಯ ಒತ್ತಡ ನೋಡಿ ಇಡೀ ಸಿಗ್ರೂಪನ್ನೇ (ಒಂದೇ ಲೆಕ್ಕ, ಒಂದೇ ಮಿತಿಗೆ ಸೇರಿಸಿದ ಪ್ರಾಸೆಸ್‌ಗಳ ಗುಂಪು) ಒಟ್ಟಿಗೆ ಕೊಲ್ಲುತ್ತದೆ. ಅದರ ಸುಳಿವು ಬೇಕಾದರೆ ಜರ್ನಲ್‌ಸಿಟಿಎಲ್ -ಯು ಸಿಸ್ಟಂಡಿ-ಓಓಎಂಡಿ ನೋಡಿ.

ಕರ್ನಲ್ ಅಲ್ಲಿಗೆ ತಲುಪುವುದು ಹೇಗೆ

ಲಾಗ್ ಓದುವ ಮುಂಚೆ ಇದು ಸ್ವಲ್ಪ ಗೊತ್ತಿರಬೇಕು. ಇಲ್ಲದಿದ್ದರೆ ಆ ನೂರಾರು ಸಾಲು ಸುಮ್ನೆ ಅಂಕಿಗಳ ರಾಶಿ.

ಪ್ರೋಗ್ರಾಮ್ 1 ಜಿಬಿ ಕೇಳಿದರೆ ಕರ್ನಲ್ ಸಾಮಾನ್ಯವಾಗಿ "ಆಯ್ತು" ಅನ್ನುತ್ತದೆ, ಆದರೆ ಆ ಕ್ಷಣಕ್ಕೆ ಒಂದು ಪೇಜನ್ನೂ ಕೊಡುವುದಿಲ್ಲ. ಪ್ರೋಗ್ರಾಮ್ ಆ ಜಾಗವನ್ನು ಮೊದಲ ಸಲ ಮುಟ್ಟಿದಾಗ ಪೇಜ್ ಫಾಲ್ಟ್ ಆಗಿ, ಆಗ 4 ಕೆಬಿಯ ಒಂದೊಂದೇ ಪೇಜ್ ನಿಜವಾದ ರ‍್ಯಾಮ್‌ನಿಂದ ಬರುತ್ತದೆ. ಇದಕ್ಕೇ ಓವರ್‌ಕಮಿಟ್ ಅನ್ನುವುದು. ಮದುವೆಗೆ ಸಾವಿರ ಜನರನ್ನು ಕರೆದು ಏಳುನೂರು ಎಲೆಗೆ ಅಡುಗೆ ಮಾಡಿಸುವ ಲೆಕ್ಕ ಇದು: ಬಹಳ ಸಲ ಸರಿಹೋಗುತ್ತದೆ, ಕರೆದವರೆಲ್ಲ ಬಂದ ದಿನ ಗತಿ ಇಲ್ಲ. ಪ್ರೋಗ್ರಾಮ್‌ಗೆ ಆಗಲೇ "ಆಯ್ತು" ಅಂದಾಗಿದೆ. ಪೇಜ್ ಫಾಲ್ಟ್ ಹೊತ್ತಿನಲ್ಲಿ "ಕ್ಷಮಿಸಿ, ಇಲ್ಲ" ಎಂದು ಎರರ್ ಕೊಡಲು ದಾರಿಯೇ ಇಲ್ಲ. ಆದ್ದರಿಂದಲೇ ಯಾರಾದರೊಬ್ಬರನ್ನು ಕೊಲ್ಲಬೇಕಾಗುತ್ತದೆ.

ಅಲ್ಲಿಗೆ ಬರುವ ಮುಂಚೆ ಕರ್ನಲ್ ಸಾಕಷ್ಟು ಪರದಾಡುತ್ತದೆ. ಪ್ರತಿ ಮೆಮೊರಿ ಝೋನ್‌ಗೂ ಮಿನ್, ಲೋ, ಹೈ ಎಂದು ಮೂರು ಗುರುತುಗಳಿವೆ. ಖಾಲಿ ಪೇಜ್‌ಗಳು ಲೋ ಗುರುತಿಗಿಂತ ಕೆಳಗಿಳಿದರೆ ಕೆಸ್ವಾಪ್‌ಡಿ ಎಂಬ ಕರ್ನಲ್ ಥ್ರೆಡ್ ಎದ್ದು ಹಿನ್ನೆಲೆಯಲ್ಲಿ ಜಾಗ ಮಾಡಲು ಶುರುಮಾಡುತ್ತದೆ. ಹೈ ಮುಟ್ಟುವವರೆಗೆ ಬಿಡುವುದಿಲ್ಲ. ಮಿನ್‌ಗಿಂತಲೂ ಕೆಳಗೆ ಹೋದರೆ ಮೆಮೊರಿ ಕೇಳಿದ ಪ್ರಾಸೆಸ್ಸೇ ತನ್ನ ಕೆಲಸ ಬಿಟ್ಟು ಜಾಗ ಹುಡುಕಬೇಕು. ಇದು ಡೈರೆಕ್ಟ್ ರಿಕ್ಲೇಮ್. ಸತ್ತದ್ದಕ್ಕೆ ಕೆಲವು ನಿಮಿಷ ಮುಂಚೆ ಸೈಟ್ ಆಮೆ ಥರ ಆಯಿತು ಎಂದು ಬಳಕೆದಾರರು ಹೇಳಿದರೆ, ಇದೇ ಕಾರಣ ಇರುವ ಸಾಧ್ಯತೆ ಜಾಸ್ತಿ.

ಜಾಗ ಮಾಡುವುದು ಎಲ್ಲಿಂದ? ಡಿಸ್ಕ್‌ನಲ್ಲಿ ನಕಲು ಇರುವ ಪೇಜ್ ಕ್ಯಾಶನ್ನು ಹಾಗೇ ಬಿಸಾಡಬಹುದು. ಬದಲಾದ ಫೈಲ್ ಪೇಜ್‌ಗಳನ್ನು ಡಿಸ್ಕ್‌ಗೆ ಬರೆದು ಬಿಡಬಹುದು. ಪ್ರೋಗ್ರಾಮ್‌ನ ಹೀಪ್, ಸ್ಟ್ಯಾಕ್ ಥರದ ಅನಾನಿಮಸ್ ಪೇಜ್‌ಗಳಿಗೆ ಹೋಗಲು ಇರುವ ಜಾಗ ಸ್ವಾಪ್ ಮಾತ್ರ. ಸ್ವಾಪ್ ಇಲ್ಲದಿದ್ದರೆ ಅವು ಕದಲುವುದಿಲ್ಲ. ಸತತ 16 ಸುತ್ತು ಪ್ರಯತ್ನಿಸಿಯೂ ಏನೂ ದಕ್ಕದಿದ್ದರೆ ಓಓಎಂ ಕಿಲ್ಲರ್‌ಗೆ ಕರೆ ಹೋಗುತ್ತದೆ.

ಬಲಿ ಯಾರು ಎನ್ನುವ ಲೆಕ್ಕ ಈಗ ಬಹಳ ಸರಳ. ಪ್ರಾಸೆಸ್ ರ‍್ಯಾಮ್‌ನಲ್ಲಿ ಹಿಡಿದಿರುವ ಪೇಜ್, ಸ್ವಾಪ್‌ಗೆ ಹೋಗಿರುವ ಪೇಜ್, ಪೇಜ್ ಟೇಬಲ್‌ಗೆ ಖರ್ಚಾದದ್ದು, ಈ ಮೂರನ್ನೂ ಕೂಡಿಸುತ್ತದೆ. ಅದಕ್ಕೆ ಓಓಎಂ_ಸ್ಕೋರ್_ಅಡ್ಜ್ ಎಂಬ ಹೊಂದಾಣಿಕೆ ಸೇರಿಸುತ್ತದೆ. ಅದು -1000ದಿಂದ 1000ವರೆಗೆ ಇರಬಹುದು. ಒಂದು ಅಂಕ ಅಂದರೆ ಒಟ್ಟು ರ‍್ಯಾಮ್ ಮತ್ತು ಸ್ವಾಪ್‌ನ ಸಾವಿರದಲ್ಲೊಂದು ಪಾಲು. -1000 ಕೊಟ್ಟರೆ ಆ ಪ್ರಾಸೆಸ್ಸನ್ನು ಮುಟ್ಟುವುದೇ ಇಲ್ಲ. ಎಲ್ಲರಿಗಿಂತ ಜಾಸ್ತಿ ಅಂಕ ಬಂದವನಿಗೆ ಸಾವು. 2010ರಲ್ಲಿ ಬಂದ 2.6.36 ಕರ್ನಲ್‌ಗೆ ಮುಂಚೆ ಎಷ್ಟು ಹೊತ್ತಿನಿಂದ ಓಡುತ್ತಿದೆ, ನೈಸ್ (ಆದ್ಯತೆಯ ಅಂಕ) ಎಷ್ಟು ಎಂದೆಲ್ಲ ನೋಡುತ್ತಿದ್ದರು. ಅದೆಲ್ಲ ಹೋಗಿದೆ. ಹಳೆ ಬರಹಗಳನ್ನು ನಂಬಿ "ಹೊಸದಾಗಿ ಶುರುವಾದದ್ದನ್ನು ಕೊಲ್ಲುತ್ತದೆ" ಅನ್ನಬೇಡಿ.

ಒಟ್ಟಿನಲ್ಲಿ ಕರ್ನಲ್ ಕೊಲ್ಲುವುದು ದೊಡ್ಡವನನ್ನು. ಹಾಳುಮಾಡಿದವನು ಯಾರು ಎಂದು ಅದು ಕೇಳುವುದೇ ಇಲ್ಲ.

ಲಾಗ್ ಓದುವುದು

ಓಓಎಂ ವರದಿ ಇಂಥ ಸಾಲಿನಿಂದ ಶುರುವಾಗುತ್ತದೆ:

ಪಿಎಚ್‌ಪಿ-ಎಫ್‌ಪಿಎಂ ಇನ್ವೋಕ್ಡ್ ಓಓಎಂ-ಕಿಲ್ಲರ್: ಜಿಎಫ್‌ಪಿ_ಮಾಸ್ಕ್=..., ಆರ್ಡರ್=0, ಓಓಎಂ_ಸ್ಕೋರ್_ಅಡ್ಜ್=0

ಮುಗಿಯುವುದು ಇಂಥದ್ದರಿಂದ:

ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರಾಸೆಸ್ 1893 (ಮೈಎಸ್‌ಕ್ಯೂಎಲ್‌ಡಿ) ಟೋಟಲ್-ವಿಎಂ:..., ಅನಾನ್-ಆರ್‌ಎಸ್‌ಎಸ್:...

ಮೊದಲ ಸಾಲಿನಲ್ಲಿರುವ ಹೆಸರು ಆ ಕ್ಷಣಕ್ಕೆ ಒಂದು ಪೇಜ್ ಕೇಳಿದವನದು. ಅವನು ಬರೀ ಕೆಟ್ಟ ಗಳಿಗೆಯಲ್ಲಿ ಬಂದು ನಿಂತವನಿರಬಹುದು. ಕೊನೆಯ ಸಾಲಿನವನು ಎಲ್ಲರಿಗಿಂತ ದೊಡ್ಡವನು. ಈ ಎರಡು ಸಾಲು ಮಾತ್ರ ನೋಡಿ ತೀರ್ಪು ಕೊಟ್ಟರೆ ಮುಂದಿನ ವಾರ ಮತ್ತೆ ಇದೇ ಕಥೆ. ಉತ್ತರ ಇರುವುದು ನಡುವಿನ ಸಾಲುಗಳಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 4 ಜಿಬಿಯ ಸಣ್ಣ ಸರ್ವರ್, ಸ್ವಾಪ್ ಇಲ್ಲ. ಒಂದು ಮೈಎಸ್‌ಕ್ಯೂಎಲ್, ಪಿಎಚ್‌ಪಿ-ಎಫ್‌ಪಿಎಂ, ಮುಂದೆ ಒಂದು ವೆಬ್ ಸರ್ವರ್. ಇಂಥ ಜೋಡಣೆಯಲ್ಲಿ ಸಾಮಾನ್ಯವಾಗಿ ಸಾಯುವುದು ಮೈಎಸ್‌ಕ್ಯೂಎಲ್.

ವರದಿಯ ನಡುವೆ "ಟಾಸ್ಕ್ಸ್ ಸ್ಟೇಟ್" ಎಂಬ ಪಟ್ಟಿ ಇರುತ್ತದೆ. ಇದರಲ್ಲಿ ಎರಡು ಬಲೆಗಳಿವೆ. ಟೋಟಲ್_ವಿಎಂ ಕಾಲಂ ನೋಡಲೇಬೇಡಿ. ಅದು ಕೇಳಿದ ಜಾಗ, ಬಳಸಿದ ಜಾಗ ಅಲ್ಲ. ಜಾವಾ, ಗೋ ಪ್ರೋಗ್ರಾಮ್‌ಗಳು ಹತ್ತಾರು ಜಿಬಿ ಕೇಳಿಟ್ಟುಕೊಂಡು ಅದರಲ್ಲಿ ಸ್ವಲ್ಪವೇ ಮುಟ್ಟಿರುತ್ತವೆ. ಬೇಕಾದ್ದು ಆರ್‌ಎಸ್‌ಎಸ್ ಕಾಲಂ, ಪ್ರಾಸೆಸ್ ನಿಜವಾಗಿ ಹಿಡಿದಿರುವ ಮೆಮೊರಿ. ಎರಡನೇ ಬಲೆ: ಈ ಪಟ್ಟಿಯಲ್ಲಿ ಆರ್‌ಎಸ್‌ಎಸ್ ಪೇಜ್‌ಗಳ ಲೆಕ್ಕದಲ್ಲಿದೆ, ಕೊನೆಯ ಸಾಲಿನಲ್ಲಿ ಕೆಬಿ ಲೆಕ್ಕದಲ್ಲಿದೆ. ಪಟ್ಟಿಯ ಸಂಖ್ಯೆಯನ್ನು 4ರಿಂದ ಗುಣಿಸಿದರೆ ಕೆಬಿ.

ಮೈಎಸ್‌ಕ್ಯೂಎಲ್‌ನ ಆರ್‌ಎಸ್‌ಎಸ್ 3,60,000 ಇದೆ ಎನ್ನಿ. ಅಂದರೆ 14,40,000 ಕೆಬಿ, ಹೆಚ್ಚುಕಡಿಮೆ 1.4 ಜಿಬಿ. ಪಿಎಚ್‌ಪಿಯ ಒಂದೊಂದು ವರ್ಕರ್ 15,000 ಪೇಜ್, ಅಂದರೆ 60 ಎಂಬಿ. ಒಂದೊಂದಾಗಿ ನೋಡಿದರೆ ಏನೂ ಅಲ್ಲ. ಆದರೆ ಪಟ್ಟಿಯಲ್ಲಿ ಅಂಥ 36 ಸಾಲುಗಳಿವೆ. ಕೂಡಿಸಿ: 5,40,000 ಪೇಜ್, ಸುಮಾರು 2.1 ಜಿಬಿ. ರ‍್ಯಾಮ್‌ನ ಅರ್ಧಕ್ಕಿಂತ ಜಾಸ್ತಿ ತಿಂದವರು ಪಿಎಚ್‌ಪಿ ವರ್ಕರ್‌ಗಳು. ಕರ್ನಲ್ ಒಂದೊಂದು ಪ್ರಾಸೆಸ್ಸನ್ನೂ ಬೇರೆ ಬೇರೆಯಾಗಿ ತೂಗುವುದರಿಂದ ಆ ಗುಂಪು ಅದರ ಕಣ್ಣಿಗೆ ಬೀಳಲಿಲ್ಲ. ಒಬ್ಬನೇ ದೊಡ್ಡವನಾಗಿ ಕಂಡ ಮೈಎಸ್‌ಕ್ಯೂಎಲ್ ಸತ್ತ. ಇಲ್ಲಿ ಮೈಎಸ್‌ಕ್ಯೂಎಲ್‌ನ ಬಫರ್ ಪೂಲ್ (ಡೇಟಾ ಇಟ್ಟುಕೊಳ್ಳುವ ಕ್ಯಾಶ್) ಇಳಿಸಿದರೆ ಡೇಟಾಬೇಸ್ ನಿಧಾನ ಆಗುತ್ತದೆ. ವರ್ಕರ್‌ಗಳು ಇನ್ನಷ್ಟು ಹೊತ್ತು ಕಾಯುತ್ತವೆ, ಇನ್ನಷ್ಟು ವರ್ಕರ್‌ಗಳು ಹುಟ್ಟುತ್ತವೆ. ರೋಗ ಜೋರಾಗುವ ಮದ್ದು.

ಆದ್ದರಿಂದ ಪಟ್ಟಿಯನ್ನು ಹೆಸರಿನ ಪ್ರಕಾರ ಗುಂಪು ಮಾಡಿ ಆರ್‌ಎಸ್‌ಎಸ್ ಕೂಡಿಸಿ. ಆಕ್ ಕಮಾಂಡ್‌ನಲ್ಲಿ ಒಂದು ಸಾಲಿನ ಕೆಲಸ, ಸ್ಪ್ರೆಡ್‌ಶೀಟ್‌ಗೆ ಹಾಕಿದರೂ ಆದೀತು. ಒಂದು ಎಚ್ಚರಿಕೆ: ಹಂಚಿಕೊಂಡ ಪೇಜ್‌ಗಳು ಪ್ರತಿ ಪ್ರಾಸೆಸ್‌ನ ಆರ್‌ಎಸ್‌ಎಸ್‌ನಲ್ಲೂ ಎಣಿಕೆಗೆ ಬರುತ್ತವೆ. ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಕೂಡಿಸಿದ ಮೊತ್ತ ರ‍್ಯಾಮ್‌ಗಿಂತಲೇ ಜಾಸ್ತಿ ಬಂದರೆ ಗಾಬರಿಯಾಗಬೇಡಿ. ಜೀವಂತ ಪ್ರಾಸೆಸ್‌ಗಳಲ್ಲಿ ನಿಜ ಪಾಲು ಬೇಕಾದರೆ /ಪ್ರಾಕ್/ಪಿಐಡಿ/ಸ್ಮ್ಯಾಪ್ಸ್_ರೋಲಪ್ ಫೈಲ್‌ನಲ್ಲಿ ಪಿಎಸ್‌ಎಸ್ ನೋಡಿ. ಅದು ಹಂಚಿಕೆಯಾದದ್ದನ್ನು ಭಾಗಿಸಿ ಕೊಡುತ್ತದೆ.

ಇನ್ನು ಮೊದಲ ಸಾಲಿನ ಆರ್ಡರ್, ಅಂದರೆ ಒಂದೇ ಕಡೆ ಸಾಲಾಗಿ ಎಷ್ಟು ಪೇಜ್ ಕೇಳಿದ್ದು ಎಂಬ ಅಳತೆ. 0 ಅಂದರೆ ಒಂದೇ ಪೇಜ್ ಕೇಳಿದ್ದು. ಅದೂ ಸಿಗಲಿಲ್ಲ ಎಂದರೆ ನಿಜವಾದ ಕೊರತೆ. ಆರ್ಡರ್ 2 ಅಥವಾ 3 ಇದ್ದು, "ನೋಡ್ 0 ನಾರ್ಮಲ್ ಫ್ರೀ" ಸಾಲಿನಲ್ಲಿ ಫ್ರೀ ಮಿನ್‌ಗಿಂತ ತುಂಬ ಮೇಲಿದ್ದರೆ ಜಾಗ ಇದೆ, ಒಂದೇ ಕಡೆ ಇಲ್ಲ ಎಂದರ್ಥ. ಆಗ /ಪ್ರಾಕ್/ಬಡ್ಡಿಇನ್ಫೋ ನೋಡಿ. ಆರ್ಡರ್ 3ಕ್ಕಿಂತ ಮೇಲಿನ ಬೇಡಿಕೆಗಳಿಗೆ ಕರ್ನಲ್ ಯಾರನ್ನೂ ಕೊಲ್ಲುವುದಿಲ್ಲ. "ಪೇಜ್ ಅಲೋಕೇಶನ್ ಫೇಲ್ಯೂರ್" ಎಂದು ಬರೆದು ಇಲ್ಲ ಅನ್ನುತ್ತದೆ, ಅಷ್ಟೇ.

5.0 ಮತ್ತು ನಂತರದ ಕರ್ನಲ್‌ಗಳಲ್ಲಿ "ಓಓಎಂ-ಕಿಲ್:ಕನ್‌ಸ್ಟ್ರೇಂಟ್=" ಎಂಬ ಒಂದು ಸಾಲು ಇದೆ. ಅದನ್ನು ತಪ್ಪಿಸಬೇಡಿ. ಕನ್‌ಸ್ಟ್ರೇಂಟ್_ನನ್ ಇದ್ದರೆ ಇಡೀ ಮಷೀನ್‌ನಲ್ಲೇ ಮೆಮೊರಿ ಮುಗಿದಿತ್ತು. ಕನ್‌ಸ್ಟ್ರೇಂಟ್_ಮೆಮ್‌ಸಿಜಿ ಇದ್ದರೆ ಮಷೀನ್‌ನಲ್ಲಿ ಬೇಕಾದಷ್ಟಿತ್ತು, ಒಂದು ಸಿಗ್ರೂಪ್ ತನ್ನ ಮಿತಿ ಮುಟ್ಟಿತು. ಈ ಎರಡಕ್ಕೂ ಪರಿಹಾರ ಪೂರ್ತಿ ಬೇರೆ.

ಲೆಕ್ಕ ಕೂಡದಿದ್ದರೆ

16 ಜಿಬಿ ಮಷೀನ್. ಪಟ್ಟಿಯ ಆರ್‌ಎಸ್‌ಎಸ್ ಎಲ್ಲ ಕೂಡಿಸಿದರೆ 5 ಜಿಬಿ ದಾಟುವುದಿಲ್ಲ. ಕೊಂದದ್ದಂತೂ ನಿಜ. ಉಳಿದ 11 ಜಿಬಿ ಎಲ್ಲಿ ಹೋಯಿತು? ನನ್ನ ಪ್ರಕಾರ ಈ ಕೆಲಸದಲ್ಲಿ ಅತಿ ಸ್ವಾರಸ್ಯದ ಭಾಗ ಇದು. ಜನ ಕೈಚೆಲ್ಲಿ ರ‍್ಯಾಮ್ ಹೆಚ್ಚಿಸುವುದೂ ಇಲ್ಲೇ.

ಯಾವ ಪ್ರಾಸೆಸ್‌ನ ಖಾತೆಗೂ ಬೀಳದ ಮೆಮೊರಿ ಇರುತ್ತದೆ. ವರದಿಯ "ಮೆಮ್-ಇನ್ಫೋ" ಭಾಗದಲ್ಲಿ ಶ್‌ಮೆಮ್, ಸ್ಲ್ಯಾಬ್_ಅನ್‌ರಿಕ್ಲೇಮಬಲ್, ಕೆಳಗೆ ಹ್ಯೂಜ್‌ಪೇಜಸ್_ಟೋಟಲ್ ಹುಡುಕಿ.

ಶ್‌ಮೆಮ್ ದೊಡ್ಡದಿದ್ದರೆ ಬಹುಪಾಲು ಟಿಎಂಪಿಎಫ್‌ಎಸ್ ಎಂಬ, ರ‍್ಯಾಮ್‌ನಲ್ಲೇ ಇರುವ ಫೈಲ್ ಸಿಸ್ಟಂನ ಆಟ. ಅಲ್ಲಿ ಬರೆದ ಫೈಲ್ ಅಂದರೆ ರ‍್ಯಾಮ್. ಬರೆದ ಪ್ರಾಸೆಸ್ ಸತ್ತರೂ ಫೈಲ್ ಅಲ್ಲೇ ಇರುತ್ತದೆ, ಮೆಮೊರಿಯೂ ಹಾಗೇ ಇರುತ್ತದೆ. ಆದ್ದರಿಂದ ಓಓಎಂ ಕಿಲ್ಲರ್ ಒಬ್ಬರಾದ ಮೇಲೆ ಒಬ್ಬರನ್ನು ಕೊಲ್ಲುತ್ತಾ ಹೋಗುತ್ತದೆ, ಜಾಗ ಮಾತ್ರ ಸಿಗುವುದಿಲ್ಲ. ಡಿಎಫ್ -ಎಚ್ -ಟಿ ಟಿಎಂಪಿಎಫ್‌ಎಸ್ ಕೊಟ್ಟು ನೋಡಿ. /ಡೆವ್/ಶ್‌ಮೆಮ್‌ನ ಮಿತಿ ಮಾಮೂಲಿಯಾಗಿ ರ‍್ಯಾಮ್‌ನ ಅರ್ಧ. ಡೆಬಿಯನ್ 13ರಿಂದ /ಟಿಎಂಪಿ ಕೂಡ ಟಿಎಂಪಿಎಫ್‌ಎಸ್ ಆಗಿದೆ. 12ರಲ್ಲಿ ಸುಮ್ಮನಿದ್ದ ಬ್ಯಾಕಪ್ ಸ್ಕ್ರಿಪ್ಟ್ 13ಕ್ಕೆ ಬಂದ ಮೇಲೆ ಮಷೀನ್ ಮಲಗಿಸಿದರೆ ಮೊದಲು ಅದು ಡಂಪ್ ಫೈಲನ್ನು /ಟಿಎಂಪಿಯಲ್ಲಿ ಇಡುತ್ತಿದೆಯೇ ನೋಡಿ.

ಹ್ಯೂಜ್‌ಪೇಜ್ ಸುಲಭ. ಯಾರೋ ಯಾವಾಗಲೋ ಸಿಸ್‌ಸಿಟಿಎಲ್ ಫೈಲ್‌ನಲ್ಲಿ ವಿಎಂ.ಎನ್‌ಆರ್_ಹ್ಯೂಜ್‌ಪೇಜಸ್ 1024 ಎಂದು ಬರೆದಿದ್ದರೆ 2 ಎಂಬಿಯ 1024 ಪೇಜ್, ಅಂದರೆ 2 ಜಿಬಿ ಪಕ್ಕಕ್ಕೆ ಹೋಯಿತು. ಯಾರೂ ಬಳಸದಿದ್ದರೂ ಬೇರೆಯವರಿಗೆ ಸಿಗದು.

ಸ್ಲ್ಯಾಬ್_ಅನ್‌ರಿಕ್ಲೇಮಬಲ್ ಅಂದರೆ ಕರ್ನಲ್ ತನಗೇ ಇಟ್ಟುಕೊಂಡು ಬಿಡಲಾಗದ ಮೆಮೊರಿ. ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಕರ್ನಲ್ ಒಳಗೇ ಸೋರಿಕೆ, ಬಹುಶಃ ಯಾವುದೋ ಡ್ರೈವರ್ ಅಥವಾ ಹೊರಗಿನಿಂದ ತಂದ ಮಾಡ್ಯೂಲ್. ಸ್ಲ್ಯಾಬ್‌ಟಾಪ್ ಕಮಾಂಡ್ ಯಾವ ಕ್ಯಾಶ್ ಊದಿಕೊಂಡಿದೆ ಎಂದು ತೋರಿಸುತ್ತದೆ. ಇಲ್ಲಿ ಪ್ರಾಸೆಸ್ ಕೊಂದು ಪ್ರಯೋಜನವಿಲ್ಲ. ಕರ್ನಲ್ ಅಪ್‌ಡೇಟ್ ಮಾಡಿ ಅಥವಾ ಆ ಮಾಡ್ಯೂಲ್ ತೆಗೆದು ನೋಡಿ.

ಇದೇ ಜಾಗದಲ್ಲಿ ಒಂದು ಮಾತು. ಪ್ರತಿ ಗಂಟೆಗೆ ಡ್ರಾಪ್_ಕ್ಯಾಶಸ್‌ಗೆ 3 ಬರೆಯುವ ಕ್ರಾನ್ ಜಾಬ್ ಎಷ್ಟೋ ಸರ್ವರ್‌ಗಳಲ್ಲಿ ಇರುತ್ತದೆ. ದಯವಿಟ್ಟು ತೆಗೆದುಹಾಕಿ. ಬಿಸಾಡಬಹುದಾದ ಕ್ಯಾಶನ್ನು ಕರ್ನಲ್ ಬೇಕಾದಾಗ ತಾನೇ ಬಿಸಾಡುತ್ತದೆ. ನೀವು ಮುಂಚೆ ಬಿಸಾಡಿದರೆ ಡಿಸ್ಕ್‌ಗೆ ಕೆಲಸ ಜಾಸ್ತಿ, ಅಷ್ಟೇ ಲಾಭ. ಫ್ರೀ ಕಮಾಂಡ್‌ನಲ್ಲಿ "ಫ್ರೀ" ಕಾಲಂ ಕಡಿಮೆ ಇದೆ ಎಂಬ ಭಯದಿಂದ ಹುಟ್ಟಿದ ಪದ್ಧತಿ ಇದು. ನೋಡಬೇಕಾದ್ದು "ಅವೈಲಬಲ್" ಕಾಲಂ. 2014ರ 3.14 ಕರ್ನಲ್‌ನಿಂದ ಈ ಅಂದಾಜನ್ನು ಕರ್ನಲ್ಲೇ ಕೊಡುತ್ತಿದೆ.

ಕಂಟೇನರ್ ಒಳಗೆ ಸತ್ತರೆ

ಕುಬರ್ನೆಟಿಸ್‌ನಲ್ಲಿ "ಓಓಎಂಕಿಲ್ಡ್" ಎಂದು ಕಂಡರೆ ಸಾಮಾನ್ಯವಾಗಿ ಪಾಡ್‌ಗೆ ಕೊಟ್ಟ ಲಿಮಿಟ್ ಮುಗಿದಿದೆ. ಸಿಗ್ರೂಪ್ 2ನೇ ಆವೃತ್ತಿಯಲ್ಲಿ ಅದರ ಫೈಲ್‌ಗಳು ಮೆಮೊರಿ.ಮ್ಯಾಕ್ಸ್, ಮೆಮೊರಿ.ಕರೆಂಟ್, ಮೆಮೊರಿ.ಇವೆಂಟ್ಸ್. ಕೊನೆಯದರಲ್ಲಿ ಓಓಎಂ_ಕಿಲ್ ಎಂಬ ಎಣಿಕೆ ಇದೆ.

ಇಲ್ಲಿ ತಪ್ಪುವುದು ಹೆಚ್ಚಾಗಿ ಒಂದೇ ಕಡೆ: ಜಾವಾದ -ಎಕ್ಸ್‌ಎಂಎಕ್ಸ್ (ಹೀಪ್ ಮಿತಿ) 1 ಜಿಬಿ, ಕಂಟೇನರ್ ಲಿಮಿಟ್ ಕೂಡ 1 ಜಿಬಿ. ಹೀಪ್ ಬಿಟ್ಟರೆ ಮೆಟಾಸ್ಪೇಸ್, ಥ್ರೆಡ್ ಸ್ಟ್ಯಾಕ್, ಡೈರೆಕ್ಟ್ ಬಫರ್, ಜಿಟ್ ಕೋಡ್ ಎಲ್ಲಕ್ಕೂ ಜಾಗ ಬೇಕಲ್ವಾ? ಹೀಪ್ ತುಂಬುವ ಮುಂಚೆಯೇ ಕರ್ನಲ್ ಕೊಂದುಬಿಡುತ್ತದೆ. ಆದ್ದರಿಂದ ಜಾವಾ ಲಾಗ್‌ನಲ್ಲಿ ಏನೂ ಇರುವುದಿಲ್ಲ. ಲಿಮಿಟ್‌ನ ಮುಕ್ಕಾಲು ಭಾಗಕ್ಕಿಂತ ಹೀಪ್ ಮೇಲೆ ಹೋಗದಂತೆ ಶುರುಮಾಡಿ, ಅಳೆದು ಸರಿಮಾಡಿ. ಜೆಡಿಕೆ 10 ಮತ್ತು 8ಯು191ಕ್ಕಿಂತ ಹಳೆಯ ಜಾವಾಗಳಿಗೆ ಕಂಟೇನರ್ ಮಿತಿಯೇ ಕಾಣುವುದಿಲ್ಲ. ಅವು ಇಡೀ ಮಷೀನ್‌ನ ರ‍್ಯಾಮ್ ನೋಡಿ ಹೀಪ್ ಗಾತ್ರ ಹಾಕಿಕೊಳ್ಳುತ್ತವೆ.

ಸಿಗ್ರೂಪ್ ಲೆಕ್ಕಕ್ಕೆ ಪೇಜ್ ಕ್ಯಾಶ್ ಮತ್ತು ಟಿಎಂಪಿಎಫ್‌ಎಸ್ ಕೂಡ ಸೇರುತ್ತವೆ. ಮೆಮೊರಿ.ಕರೆಂಟ್ ಯಾವಾಗಲೂ ಮಿತಿಯ ಹತ್ತಿರ ಇದ್ದರೆ ಅದೊಂದರಿಂದಲೇ ಹೆದರಬೇಕಿಲ್ಲ. ಮೆಮೊರಿ.ಸ್ಟ್ಯಾಟ್‌ನಲ್ಲಿ ಅನಾನ್ ಎಷ್ಟು, ಫೈಲ್ ಎಷ್ಟು ಎಂದು ಬಿಡಿಸಿ ನೋಡಿ.

ನೋಡ್‌ನಲ್ಲಿ, ಅಂದರೆ ಪಾಡ್‌ಗಳು ಓಡುವ ಮಷೀನ್‌ನಲ್ಲಿ, ಮೆಮೊರಿ ಪೂರ್ತಿ ಬರಿದಾದಾಗ ಕುಬರ್ನೆಟಿಸ್ ಕೊಟ್ಟ ಅಂಕಗಳು ಕೆಲಸ ಮಾಡುತ್ತವೆ. ಗ್ಯಾರಂಟೀಡ್ ಪಾಡ್‌ಗೆ -997, ಬೆಸ್ಟ್‌ಎಫರ್ಟ್ ಪಾಡ್‌ಗೆ 1000. ರಿಕ್ವೆಸ್ಟ್, ಲಿಮಿಟ್ ಎರಡನ್ನೂ ಬರೆಯದೆ ಬಿಟ್ಟ ಪಾಡ್ ಮೊದಲು ಸಾಯುವುದು ಇದಕ್ಕೇ.

ಯಾರೂ ಸಾಯದೆ ಮಷೀನ್ ಹೆಪ್ಪುಗಟ್ಟಿದರೆ

ಇದು ಓಓಎಂಗಿಂತ ಕೆಟ್ಟದ್ದು. ಮೌಸ್ ಕದಲುವುದಿಲ್ಲ, ಎಸ್‌ಎಸ್‌ಎಚ್ ಒಳಗೆ ಬಿಡುವುದಿಲ್ಲ, ಡಿಸ್ಕ್ ದೀಪ ಮಾತ್ರ ಒಂದೇ ಸಮ ಉರಿಯುತ್ತದೆ. ಸ್ವಾಪ್ ಇಲ್ಲದಿದ್ದರೂ ಹೀಗಾಗುತ್ತದೆ, ಇದು ಹಲವರಿಗೆ ಆಶ್ಚರ್ಯ. ಓಡುತ್ತಿರುವ ಪ್ರೋಗ್ರಾಮ್‌ಗಳ ಕೋಡ್ ಕೂಡ ಫೈಲ್ ಪೇಜ್ ತಾನೆ? ಕರ್ನಲ್ ಅದನ್ನು ಬಿಸಾಡುತ್ತದೆ, ಮರುಕ್ಷಣ ಅದೇ ಬೇಕಾಗಿ ಡಿಸ್ಕ್‌ನಿಂದ ಓದುತ್ತದೆ, ಮತ್ತೆ ಬಿಸಾಡುತ್ತದೆ. ಪ್ರತಿ ಸುತ್ತಿನಲ್ಲೂ ನಾಲ್ಕು ಪೇಜ್ ಸಿಗುತ್ತಿರುವುದರಿಂದ ಕರ್ನಲ್ ಲೆಕ್ಕದಲ್ಲಿ ಕೆಲಸ ಸಾಗುತ್ತಿದೆ. ಕೊಲ್ಲುವ ಘಟ್ಟ ಬರುವುದೇ ಇಲ್ಲ.

ಇದನ್ನು ಅಳೆಯಲೆಂದೇ 2018ರ 4.20 ಕರ್ನಲ್‌ನಲ್ಲಿ ಪಿಎಸ್‌ಐ (ಪ್ರೆಶರ್ ಸ್ಟಾಲ್ ಇನ್ಫರ್ಮೇಶನ್) ಬಂತು. /ಪ್ರಾಕ್/ಪ್ರೆಶರ್/ಮೆಮೊರಿ ಫೈಲ್ ತೆರೆದರೆ "ಸಮ್" ಮತ್ತು "ಫುಲ್" ಎಂಬ ಎರಡು ಸಾಲು ಇರುತ್ತವೆ. ಫುಲ್ ಸಾಲಿನ ಆವ್‌ಜಿ10 ಅಂದರೆ ಹಿಂದಿನ 10 ಸೆಕೆಂಡಿನಲ್ಲಿ ಶೇಕಡ ಎಷ್ಟು ಹೊತ್ತು ಎಲ್ಲ ಕೆಲಸಗಳೂ ಮೆಮೊರಿಗಾಗಿ ಕಾದು ನಿಂತಿದ್ದವು ಎಂದು. ಆರೋಗ್ಯವಾಗಿರುವ ಮಷೀನ್‌ನಲ್ಲಿ ಇದು ಸೊನ್ನೆಯ ಹತ್ತಿರ ಇರುತ್ತದೆ. ಮಾನಿಟರಿಂಗ್‌ಗೆ ಹಾಕಿಕೊಳ್ಳಿ. ಬಳಕೆ 90 ಶೇಕಡ ದಾಟಿತು ಎಂಬ ಅಲರ್ಟ್‌ಗಿಂತ ಇದು ಎಷ್ಟೋ ವಾಸಿ.

ಹೆಪ್ಪುಗಟ್ಟಿದ ಹೊತ್ತಿನಲ್ಲಿ ಕೀಬೋರ್ಡ್ ಎದುರಿಗಿದ್ದರೆ ಆಲ್ಟ್, ಸಿಸ್‌ಆರ್‌ಕ್ಯೂ, ಎಫ್ ಒಟ್ಟಿಗೆ ಒತ್ತಿ. ಓಓಎಂ ಕಿಲ್ಲರನ್ನು ಕೈಯಾರೆ ಕರೆದಂತೆ. ಆದರೆ ಉಬುಂಟುವಿನಲ್ಲಿ ಕರ್ನಲ್.ಸಿಸ್‌ಆರ್‌ಕ್ಯೂ ಬೆಲೆ ಮಾಮೂಲಿಯಾಗಿ 176. ಅದರಲ್ಲಿ ಕೊಲ್ಲುವ ಅನುಮತಿಯ 64 ಸೇರಿಲ್ಲ. ಮೊದಲೇ 240 ಮಾಡಿಟ್ಟುಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಅರ್ಲಿಓಓಎಂ ಥರದ ಸಣ್ಣ ಡೀಮನ್ ಹಾಕಿಕೊಳ್ಳುವುದು ಇನ್ನೂ ನೆಮ್ಮದಿ.

ಸರಿಪಡಿಸುವುದು

ಮೇಲಿನ 4 ಜಿಬಿ ಸರ್ವರ್‌ಗೇ ಬರೋಣ. ಮೊದಲ ಕೆಲಸ ಪಿಎಂ.ಮ್ಯಾಕ್ಸ್_ಚಿಲ್ಡ್ರನ್, ಅಂದರೆ ಪಿಎಚ್‌ಪಿ ವರ್ಕರ್‌ಗಳ ಗರಿಷ್ಠ ಸಂಖ್ಯೆ, ಸರಿಮಾಡುವುದು. ಕೈಗೆ ಸಿಗುವ ರ‍್ಯಾಮ್ ಸುಮಾರು 3.8 ಜಿಬಿ. ಮೈಎಸ್‌ಕ್ಯೂಎಲ್‌ಗೆ 1.4, ಸಿಸ್ಟಂಗೆ ಮತ್ತು ಕ್ಯಾಶ್‌ಗೆ ಅರ್ಧ ಜಿಬಿ ಬಿಟ್ಟರೆ ಉಳಿಯುವುದು 1.9. ವರ್ಕರ್‌ಗೆ 60 ಎಂಬಿಯಂತೆ 31 ಜನ ಹಿಡಿಸುತ್ತಾರೆ. ಅಂಚಿಗೆ ಹೋಗದೆ 25 ಇಡಿ. 60 ಎಂಬಿ ಸರಾಸರಿಯೋ ಗರಿಷ್ಠವೋ ನೋಡಿಕೊಳ್ಳಿ. ದೊಡ್ಡ ಎಕ್ಸೆಲ್ ಫೈಲ್ ಅಪ್‌ಲೋಡ್ ಆದಾಗ ಒಂದೇ ವರ್ಕರ್ ಪಿಎಚ್‌ಪಿಯ ಮೆಮೊರಿ_ಲಿಮಿಟ್ ತನಕ ಬೆಳೆಯಬಹುದು. ಮಾಮೂಲಿ ಮಿತಿ 128 ಎಂಬಿ.

ಎರಡನೆಯದು ಸ್ವಾಪ್. "ಸರ್ವರ್‌ನಲ್ಲಿ ಸ್ವಾಪ್ ಬೇಡ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಶುರುವಿನಲ್ಲಿ ಒಮ್ಮೆ ಬಳಸಿ ಆಮೇಲೆ ಮುಟ್ಟದ ಪೇಜ್‌ಗಳು ಎಲ್ಲ ಡೀಮನ್‌ಗಳಲ್ಲೂ ಇರುತ್ತವೆ. ಅವುಗಳಿಗೆ ಹೋಗಲು ಒಂದು ಜಾಗ ಬೇಕು. ಇಂಥ ಮಷೀನ್‌ಗೆ 1 ಅಥವಾ 2 ಜಿಬಿ ಸಾಕು. 16 ಜಿಬಿ ಸ್ವಾಪ್ ಕೊಟ್ಟರೆ ಸಾವು ತಪ್ಪೀತು, ಬದಲಿಗೆ ಮೇಲೆ ಹೇಳಿದ ಹೆಪ್ಪು ಬಂದೀತು.

ಮೂರನೆಯದು ಡೇಟಾಬೇಸ್‌ಗೆ ರಕ್ಷಣೆ. /ಪ್ರಾಕ್/ಪಿಐಡಿ/ಓಓಎಂ_ಸ್ಕೋರ್_ಅಡ್ಜ್‌ಗೆ ಕೈಯಿಂದ ಬರೆದರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಅಳಿಸಿಹೋಗುತ್ತದೆ. ಸಿಸ್ಟಂಸಿಟಿಎಲ್ ಎಡಿಟ್ ಮೂಲಕ ಸರ್ವಿಸ್ ಭಾಗದಲ್ಲಿ ಓಓಎಂಸ್ಕೋರ್‌ಅಡ್ಜಸ್ಟ್=-500 ಹಾಕಿ. ಆಗ ಮೈಎಸ್‌ಕ್ಯೂಎಲ್‌ನ ಅಂಕ ವರ್ಕರ್‌ಗಳಿಗಿಂತ ಕೆಳಗಿಳಿಯುತ್ತದೆ, ಕೊರತೆ ಬಂದಾಗ ಒಂದು ಪಿಎಚ್‌ಪಿ ವರ್ಕರ್ ಸಾಯುತ್ತದೆ. ಒಬ್ಬ ಬಳಕೆದಾರನಿಗೆ ಒಂದು ಎರರ್ ಪೇಜ್, ಉಳಿದವರಿಗೆ ಗೊತ್ತೇ ಆಗುವುದಿಲ್ಲ. -1000 ಕೊಡಬೇಡಿ. ನಿಜವಾಗಿಯೂ ಮೈಎಸ್‌ಕ್ಯೂಎಲ್ಲೇ ಸೋರುತ್ತಿದ್ದರೆ ಕರ್ನಲ್ ಸುತ್ತಲಿನ ಎಲ್ಲರನ್ನೂ ಮುಗಿಸಿ, ಕೊನೆಗೆ ಕೊಲ್ಲಲು ಯಾರೂ ಇಲ್ಲವೆಂದು ಪ್ಯಾನಿಕ್ ಆಗುತ್ತದೆ. ಈ ಅಂಕ ಆ ಪ್ರಾಸೆಸ್ ಹುಟ್ಟಿಸುವ ಮಕ್ಕಳ ಪ್ರಾಸೆಸ್‌ಗಳಿಗೂ ಹೋಗುತ್ತದೆ ಎನ್ನುವುದು ನೆನಪಿರಲಿ. ಪೋಸ್ಟ್‌ಗ್ರೆಸ್‌ನವರು ಮುಖ್ಯ ಪ್ರಾಸೆಸ್‌ಗೆ -1000 ಕೊಡಲು ಹೇಳುತ್ತಾರೆ ನಿಜ. ಆದರೆ ಮಕ್ಕಳ ಅಂಕವನ್ನು ಮತ್ತೆ ಮಾಮೂಲಿಗೆ ತರುವ ವ್ಯವಸ್ಥೆಯನ್ನೂ ಜೊತೆಗೆ ಕೊಟ್ಟಿದ್ದಾರೆ. ಅಂದಹಾಗೆ, ಹೊಸ ಕರ್ನಲ್‌ಗಳಲ್ಲಿ ಓಓಎಂ_ಸ್ಕೋರ್ ಫೈಲ್ ತೆರೆದರೆ ಸಣ್ಣಪುಟ್ಟ ಪ್ರಾಸೆಸ್‌ಗಳಿಗೂ 666 ಕಾಣುತ್ತದೆ. ಅದು ಈಗಿನ ಲೆಕ್ಕದ ತಳಮಟ್ಟ, ಬೆಚ್ಚಬೇಕಿಲ್ಲ.

ಬ್ಯಾಕಪ್, ರಿಪೋರ್ಟ್ ಥರದ ಕೆಲಸಗಳಿಗೆ ಸಿಸ್ಟಂಡಿಯ ಮೆಮೊರಿಹೈ ಮತ್ತು ಮೆಮೊರಿಮ್ಯಾಕ್ಸ್ ಹಾಕಿ. ಹೈ ದಾಟಿದರೆ ಕೆಲಸ ನಿಧಾನವಾಗುತ್ತದೆ, ಮ್ಯಾಕ್ಸ್ ಮುಟ್ಟಿ ಜಾಗ ಸಿಗದಿದ್ದರೆ ಅದು ಮಾತ್ರ ಸಾಯುತ್ತದೆ.

ವಿಎಂ.ಓವರ್‌ಕಮಿಟ್_ಮೆಮೊರಿ ಬೆಲೆಯನ್ನು 2 ಮಾಡಿ ಎಂಬ ಸಲಹೆಯೂ ಸಿಗುತ್ತದೆ. ಆಗ ಕರ್ನಲ್ ಸುಳ್ಳು ಭರವಸೆ ಕೊಡುವುದಿಲ್ಲ, ಮಿತಿ ದಾಟಿದರೆ ಕೇಳಿದಾಗಲೇ ಇಲ್ಲ ಅನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ಮಿತಿ ಅಂದರೆ ಪೂರ್ತಿ ಸ್ವಾಪ್, ಅದಕ್ಕೆ ಸೇರಿಸಿ ರ‍್ಯಾಮ್‌ನ 50 ಶೇಕಡ. ಸ್ವಾಪ್ ಇಲ್ಲದ 4 ಜಿಬಿ ಮಷೀನ್‌ನಲ್ಲಿ 2 ಜಿಬಿಗೇ ಬಾಗಿಲು ಮುಚ್ಚುತ್ತದೆ. ಅರ್ಧ ರ‍್ಯಾಮ್ ಖಾಲಿ ಇದ್ದರೂ "ಕೆನಾಟ್ ಅಲೋಕೇಟ್ ಮೆಮೊರಿ" ಬರುತ್ತದೆ. ಪೋಸ್ಟ್‌ಗ್ರೆಸ್ ಒಂದೇ ಓಡುವ ಮಷೀನ್‌ಗೆ, ಓವರ್‌ಕಮಿಟ್_ರೇಶಿಯೋ ಕೂಡ ಲೆಕ್ಕ ಹಾಕಿ ಇಟ್ಟರೆ ಸರಿ. ನಾನಾ ಪ್ರೋಗ್ರಾಮ್ ಓಡುವ ಕಡೆ ಬೇಡ. ರೆಡಿಸ್ ಇದ್ದರಂತೂ ಅದು ಇದರ ಉಲ್ಟಾ, 1 ಇಡಿ ಎಂದು ಕೇಳುತ್ತದೆ. ಹಿನ್ನೆಲೆಯಲ್ಲಿ ಸೇವ್ ಮಾಡಲು ಅದು ಫೋರ್ಕ್ ಆಗಬೇಕು (ತನ್ನದೇ ನಕಲು ಪ್ರಾಸೆಸ್ ಹುಟ್ಟಿಸಬೇಕು), ಕಾಗದದ ಮೇಲೆ ಆಗ ಮೆಮೊರಿ ಇಮ್ಮಡಿ ಕಾಣುತ್ತದೆ.

ಸೋರಿಕೆ ಅನುಮಾನ ಇದ್ದರೆ ಒಂದು ಓಓಎಂ ವರದಿ ಸಾಲದು, ಅದು ಒಂದೇ ಕ್ಷಣದ ಚಿತ್ರ. ಸಿಸ್‌ಸ್ಟ್ಯಾಟ್ ಅಥವಾ ಎಟಾಪ್ ಹಾಕಿ ಕೆಲವು ದಿನದ ಇತಿಹಾಸ ಕೂಡಿಹಾಕಿ. ಆರ್‌ಎಸ್‌ಎಸ್ ಮೆಟ್ಟಿಲಿನಂತೆ ಏರಿ ಒಂದು ಕಡೆ ನಿಂತರೆ ಅದು ಸೋರಿಕೆ ಅಲ್ಲ. ತುಂಬ ಥ್ರೆಡ್‌ಗಳ ಪ್ರೋಗ್ರಾಮ್‌ನಲ್ಲಿ ಜಿಲಿಬ್‌ಸಿಯ ಮ್ಯಾಲಕ್ ಅರೀನಾಗಳಿಂದಲೂ ಹೀಗಾಗುತ್ತದೆ. ಮ್ಯಾಲಕ್_ಅರೀನಾ_ಮ್ಯಾಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 2 ಕೊಟ್ಟು ನೋಡಿ. ನಿಲ್ಲದೆ ಏರುತ್ತಲೇ ಹೋದರೆ ಅದು ಡೆವಲಪರ್‌ಗಳ ಮೇಜಿಗೆ ಹೋಗಬೇಕಾದ ಕೆಲಸ.

ಬದಲಾವಣೆ ಹಿಡಿಯಿತೇ ಎಂದು ನೋಡುವುದು

ಮುಂದಿನ ಟ್ರಾಫಿಕ್ ಏರಿಕೆಗೆ ಕಾಯಬೇಡಿ. ಮೊದಲು ಕರ್ನಲ್ ಲಾಗ್ ನಿಮ್ಮ ಮಾನಿಟರಿಂಗ್ ತನಕ ಬರುತ್ತದೆಯೇ ಎಂದು ಒಂದು ಸಣ್ಣ ಸಾವು ಮಾಡಿಸಿ ನೋಡಿ. ಸಿಸ್ಟಂಡಿ-ರನ್ --ಸ್ಕೋಪ್ ಕಮಾಂಡ್‌ಗೆ -ಪಿ ಮೆಮೊರಿಮ್ಯಾಕ್ಸ್=200ಎಂ, -ಪಿ ಮೆಮೊರಿಸ್ವಾಪ್‌ಮ್ಯಾಕ್ಸ್=0 ಕೊಟ್ಟು, ಒಳಗೆ ಟೇಲ್ /ಡೆವ್/ಝೀರೋ ಓಡಿಸಿ. ಆ ಫೈಲ್‌ನಲ್ಲಿ ಸಾಲು ಮುಗಿಯುವುದೇ ಇಲ್ಲ, ಟೇಲ್ ಎಲ್ಲವನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಾ ಹೋಗುತ್ತದೆ, 200 ಎಂಬಿ ಆಗುತ್ತಲೇ ಸಾಯುತ್ತದೆ. ಮಿತಿ ಹಾಕದೆ ಮಾತ್ರ ಇದನ್ನು ಓಡಿಸಬೇಡಿ. ಡಿಮೆಸ್ಗ್‌ನಲ್ಲಿ "ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ" ಸಾಲು ಬಂತೇ, ಅಲರ್ಟ್ ಬಂತೇ ನೋಡಿ.

ಆಮೇಲೆ ಟೆಸ್ಟ್ ಸರ್ವರ್‌ನಲ್ಲಿ ಪಿಎಚ್‌ಪಿಯ 25 ವರ್ಕರ್‌ಗಳೂ ಒಟ್ಟಿಗೆ ಓಡುವಷ್ಟು ಲೋಡ್ ಕೊಡಿ. ಅದೇ ಹೊತ್ತಿಗೆ ಬ್ಯಾಕಪ್ ಕೂಡ ಶುರುಮಾಡಿ, ಏಕೆಂದರೆ ನಿಜವಾದ ಕೊರತೆ ಬರುವುದು ಇಂಥ ಎರಡು ಕೆಲಸ ಸೇರಿದಾಗಲೇ. ಅವೈಲಬಲ್ ಕಾಲಂ ಎಷ್ಟಕ್ಕೆ ಇಳಿಯಿತು, ಪಿಎಸ್‌ಐನ ಫುಲ್ ಸೊನ್ನೆ ಬಿಟ್ಟು ಎದ್ದಿತೇ ಗಮನಿಸಿ. ಎದ್ದಿದ್ದರೆ 25 ಕೂಡ ಜಾಸ್ತಿಯೇ, ಇನ್ನು ನಾಲ್ಕೈದು ಇಳಿಸಿ ಮತ್ತೆ ಲೋಡ್ ಕೊಡಿ.